ಮೊದಲು ಕೀಲಿಮಣೆ, ಆಮೇಲೆ ಬ್ರೌಸರ್

ಮಂಗಳೂರಿನಿಂದ ಮೂಡುಬಿದಿರೆಗೆ ಹೊರಟ ಬಸ್ಸು ಗುರುಪುರ, ಕೈಕಂಬ, ಗಂಜಿಮಠ, ಎಡಪದವು, ಮಿಜಾರು ದಾಟಿ ತೋಡಾರಿಗೆ ಬರುತ್ತದೆ. ಹಳಬರ ಬಾಯಲ್ಲಿ ಈ ರಸ್ತೆ ಇನ್ನೂ ಎನ್‌ಎಚ್ 13. ಸರಕಾರದ ಕಾಗದದಲ್ಲಿ 169. ಮಿಜಾರಿನ ಆಸುಪಾಸಿನಲ್ಲಿ ಮೈಟ್ ಮತ್ತು ಆಳ್ವಾಸ್, ತೋಡಾರಿನಲ್ಲಿ ಯೆನೆಪೋಯ: ಹೀಗೆ ಸಣ್ಣದೊಂದು ಸೀಮೆಯೊಳಗೆ ಮೂರು ಎಂಜಿನಿಯರಿಂಗ್ ಕಾಲೇಜುಗಳು. ಆದರೆ ಕಂಪ್ಯೂಟರಿನ ಚರಿತ್ರೆಯಲ್ಲಿ ಈ ರಸ್ತೆಯ ಹೆಸರು ಸೇರಿದ್ದು ಈ ಕಾಲೇಜುಗಳಿಂದಲ್ಲ, ಅವು ತಲೆಯೆತ್ತುವ ಮೊದಲೇ. ಕೈಕಂಬದ ಪಕ್ಕದ ಕಿನ್ನಿಕಂಬಳದಲ್ಲಿ 1940ರ ಫೆಬ್ರವರಿ 29ರಂದು ಹುಟ್ಟಿದ ಪದ್ಮನಾಭ ರಾವ್, ಎಂದರೆ ಎಲ್ಲರೂ ಬಲ್ಲ ಕೆ.ಪಿ. ರಾವ್, ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸುವ ಕೀಲಿಮಣೆ ವಿನ್ಯಾಸ ಮಾಡಿದರು.

ಅದಕ್ಕೂ ಮೊದಲು ಟೈಪ್‌ರೈಟರಿನ ಕಾಲದ ವಿನ್ಯಾಸಗಳು ಅಕ್ಷರದ ಚೂರುಗಳನ್ನು ಕಲಿಸುತ್ತಿದ್ದವು: ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ರಾವ್ ಅಕ್ಷರದ ಆಕಾರವನ್ನು ಬಿಟ್ಟು ಅದರ ಉಚ್ಚಾರವನ್ನು ಹಿಡಿದರು. ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿ ಒತ್ತಿದರೆ ‘ಕನ್ನಡ’ ಸಿದ್ಧ. ನಡುವಿನ ಎಫ್ ಒತ್ತಕ್ಷರವನ್ನು ಕಟ್ಟುವ ಕೊಂಡಿ. ಈ ವಿನ್ಯಾಸಕ್ಕೆ ಅವರು ಹಣ ಕೇಳಲಿಲ್ಲ. ಕನ್ನಡ ಗಣಕ ಪರಿಷತ್ತು ಇದನ್ನು ‘ನುಡಿ’ ತಂತ್ರಾಂಶಕ್ಕೆ ತೆಗೆದುಕೊಂಡಿತು, ರಾಜ್ಯ ಸರಕಾರ ಅಧಿಕೃತ ವಿನ್ಯಾಸವೆಂದು ಒಪ್ಪಿತು. ಇವತ್ತು ಲಿನಕ್ಸ್ ಹಾಕಿದ ಯಾವ ಕಂಪ್ಯೂಟರಿನಲ್ಲಾದರೂ ಕೀಲಿಮಣೆಗಳ ಪಟ್ಟಿ ತೆರೆದರೆ ಕನ್ನಡದ ಸಾಲಿನಲ್ಲಿ ‘ಕಗಪ’ ಎಂಬ ಹೆಸರು ಕಾಣುತ್ತದೆ. ಅದು ಗಣಕ ಪರಿಷತ್ತಿನ ಮೊದಲಕ್ಷರಗಳು. ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳಿಗೂ ಇದೇ ಮಾದರಿಯ ಕಗಪ ವಿನ್ಯಾಸಗಳು ಆ ಪಟ್ಟಿಯಲ್ಲಿವೆ. ಕೊಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡು ಮುಂದೆ ಬೆಳೆಸಬಹುದಾಗಿದ್ದರಿಂದ ಆದದ್ದು ಇದು.

ಖಾಸಗಿತನ ಕಾಯುವ ತಂತ್ರಾಂಶ ಯಾವುದು ಎಂದು ಕೇಳಿದರೆ ಹೆಚ್ಚಿನವರು ಬ್ರೌಸರಿನಿಂದ ಮಾತು ಶುರು ಮಾಡುತ್ತಾರೆ. ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ ಬರೆಯುವವರು ಶುರು ಮಾಡಬೇಕಾದದ್ದು ಕೀಲಿಮಣೆಯಿಂದ. ಬ್ರೌಸರ್ ನೋಡುವುದು ತಾನು ತೆರೆದ ಪುಟಗಳನ್ನು ಮಾತ್ರ. ಫೋನಿನ ಕೀಲಿಮಣೆಗೆ ಎಲ್ಲವೂ ಗೊತ್ತು: ಬ್ಯಾಂಕಿನ ಪಾಸ್‌ವರ್ಡ್, ಡಾಕ್ಟರಿಗೆ ಬರೆದ ರೋಗದ ವಿವರ, ದುಬೈಯಲ್ಲಿರುವ ಮಗನಿಗೆ ಹಾಕಿದ ಮೆಸೇಜು, ಬರೆದು ಅಳಿಸಿದ ಬೈಗುಳವೂ ಸೇರಿ. ಸಂದೇಶ ಗೂಢಲಿಪಿಯಾಗುವುದು ಟೈಪ್ ಆದ ಮೇಲೆ. ವಾಟ್ಸ್ಆ್ಯಪ್‌ಗೋ ಸಿಗ್ನಲ್‌ಗೋ ಎಷ್ಟು ಗಟ್ಟಿ ಬೀಗವಿದ್ದರೂ ಕೀಲಿಮಣೆ ಇರುವುದು ಬೀಗದ ಒಳಗಡೆ.

ಆಂಡ್ರಾಯ್ಡ್ ಇದನ್ನು ಮುಚ್ಚಿಡುವುದೂ ಇಲ್ಲ. ಹೊರಗಿನಿಂದ ತಂದ ಕೀಲಿಮಣೆಯನ್ನು ಚಾಲೂ ಮಾಡುವಾಗ, ಪಾಸ್‌ವರ್ಡ್, ಕ್ರೆಡಿಟ್ ಕಾರ್ಡ್ ಸಂಖ್ಯೆ ಸೇರಿದಂತೆ ನೀವು ಟೈಪ್ ಮಾಡಿದ್ದನ್ನೆಲ್ಲ ಇದು ಸಂಗ್ರಹಿಸಬಲ್ಲದು ಎಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತದೆ. ‘ಸರಿ’ ಒತ್ತಿ ಮುಂದೆ ಹೋಗುವುದು ಎಲ್ಲರ ಅಭ್ಯಾಸ.

ಇದು ಬರೀ ಹೆದರಿಸುವ ಮಾತಲ್ಲ. 2017ರ ಡಿಸೆಂಬರಿನಲ್ಲಿ ‘ಎಐ.ಟೈಪ್’ ಎಂಬ ಕೀಲಿಮಣೆಯ 3.1 ಕೋಟಿ ಬಳಕೆದಾರರ ವಿವರ ಪಾಸ್‌ವರ್ಡೇ ಇಲ್ಲದ ಸರ್ವರಿನಲ್ಲಿ ಬಯಲಾಗಿ ಬಿದ್ದಿರುವುದು ಪತ್ತೆಯಾಯಿತು: ಹೆಸರು, ಫೋನ್ ನಂಬರು, ಕೆಲವರ ಸಂಪರ್ಕಪಟ್ಟಿ. ಇನ್ನೂ ದೊಡ್ಡದು 2024ರ ಏಪ್ರಿಲ್‌ನದು. ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಚೀನೀ ಭಾಷೆ ಬರೆಯುವ ಒಂಬತ್ತು ಕಂಪನಿಗಳ ಕೀಲಿಮಣೆಗಳನ್ನು ಪರೀಕ್ಷಿಸಿತು. ಎಂಟರಲ್ಲಿ, ಒತ್ತಿದ ಕೀಲಿಗಳನ್ನು ದಾರಿಯಲ್ಲೇ ಓದಿಬಿಡಬಹುದಾದ ದೋಷ ಸಿಕ್ಕಿತು. ಟೆನ್ಸೆಂಟ್, ಬೈದು ಮಾತ್ರವಲ್ಲ, ನಮ್ಮೂರ ಅಂಗಡಿಗಳಲ್ಲೂ ಫೋನು ಮಾರುವ ಸ್ಯಾಮ್‌ಸಂಗ್, ಶಿಯೋಮಿ, ವಿವೊ, ಒಪ್ಪೊ ಆ ಪಟ್ಟಿಯಲ್ಲಿದ್ದವು. ಹೆಚ್ಚಿನ ಕಂಪನಿಗಳು ಆಮೇಲೆ ದೋಷ ತಿದ್ದಿಕೊಂಡವು. ಆದರೆ ಕಾರಣ ಗಮನಿಸಬೇಕಾದದ್ದು. ಚೀನೀ ಲಿಪಿಯನ್ನು ರೋಮನ್ ಅಕ್ಷರದಲ್ಲಿ ಒತ್ತಿದರೆ, ಯಾವ ಅಕ್ಷರ ಬೇಕು ಎಂದು ಊಹಿಸಲು ಕೀಲಿಮಣೆ ಕಂಪನಿಯ ಸರ್ವರನ್ನು ಕೇಳುತ್ತದೆ. ‘ನಮಸ್ಕಾರ’ವನ್ನು ರೋಮನ್ ಅಕ್ಷರದಲ್ಲಿ ಬರೆದು ಕನ್ನಡಕ್ಕೆ ತಿರುಗಿಸಿಕೊಳ್ಳುವವರೂ ಇದೇ ತರಹದ ಊಹೆಯನ್ನು ನೆಚ್ಚಿದವರೇ. ಆ ಊಹೆ ಫೋನಿನೊಳಗೆ ನಡೆಯುತ್ತದೋ ಎಲ್ಲೋ ದೂರದ ಸರ್ವರಿನಲ್ಲೋ ಎಂಬುದು ಕೇಳಬೇಕಾದ ಮೊದಲ ಪ್ರಶ್ನೆ.

ಗೂಗಲ್ ತನ್ನ ಜಿಬೋರ್ಡ್ ಕಲಿಯುವುದು ಫೋನಿನಲ್ಲೇ, ಟೈಪ್ ಮಾಡಿದ ಮಾತು ತನ್ನ ಕೈಗೆ ಬರುವುದಿಲ್ಲ ಎನ್ನುತ್ತದೆ. ಇರಬಹುದು. ಆದರೆ ಜಿಬೋರ್ಡಿನ ಕೋಡ್ ಹೊರಗಿನವರು ನೋಡುವಂತಿಲ್ಲ. ಮಾತಿನ ಮೇಲೆ ನಂಬಿಕೆ ಇಡುವುದೊಂದೇ ದಾರಿ.

ಮುಚ್ಚಿದ ಕೋಡಿಗೂ ತೆರೆದ ಕೋಡಿಗೂ ಇರುವ ವ್ಯತ್ಯಾಸಕ್ಕೆ ಮೂಡುಬಿದಿರೆಗಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. ಅಲ್ಲಿಯ ಗುರುಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತಗ್ರಂಥಗಳ ತಾಳೆಗರಿಗಳಿವೆ. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡದ್ದು. ಶತಮಾನಗಳ ಕಾಲ ಯಾತ್ರಿಕರು ಬಂದು ದರ್ಶನ ಮಾಡಿ, ಕೈಮುಗಿದು ಹೋಗುತ್ತಿದ್ದರು. ಒಳಗೆ ಏನು ಬರೆದಿದೆ ಎಂದು ಓದಿದವರಿಲ್ಲ. 1896ರಲ್ಲಿ ಪ್ರತಿ ಮಾಡುವ ಕೆಲಸ ಶುರುವಾಯಿತು. ಪ್ರತಿ ಊರಿನ ಹೊರಗೆ ಹೋಗಬಾರದೆಂಬ ಕಟ್ಟು ಇದ್ದರೂ ಒಂದು ಪ್ರತಿ ಗುಟ್ಟಾಗಿ ಉತ್ತರ ಭಾರತ ಸೇರಿತು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾದ ಮೇಲೆಯೇ ವಿದ್ವಾಂಸರು ಪಾಠ ಹೋಲಿಸಿ, ತಪ್ಪು ತೋರಿಸಿ, ತಿದ್ದಲು ಸಾಧ್ಯವಾದದ್ದು. ಮುಚ್ಚಿಟ್ಟದ್ದರಿಂದಲೇ ಆ ಗರಿಗಳು ಉಳಿದವು ಎಂಬ ವಾದದಲ್ಲಿಯೂ ಹುರುಳಿದೆ. ತಂತ್ರಾಂಶಕ್ಕೆ ಮಾತ್ರ ಆ ವಾದ ಹೊಂದುವುದಿಲ್ಲ, ಏಕೆಂದರೆ ಅದು ದಿನವಿಡೀ ನಮ್ಮ ಕಿಸೆಯಲ್ಲಿದ್ದು ಕೆಲಸ ಮಾಡುತ್ತಿರುತ್ತದೆ. ದರ್ಶನ ಸಾಲದು, ಓದಲೂ ಬೇಕು.

ಹಾಗಂತ ಕೋಡ್ ತೆರೆದಿಟ್ಟ ಮಾತ್ರಕ್ಕೆ ಯಾರೋ ಓದಿದ್ದಾರೆ ಎಂದೂ ಅಲ್ಲ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರಿಗೆ ತನ್ನ ಲಿನಕ್ಸ್ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಕಂಡಿತು. ಅರ್ಧ ಸೆಕೆಂಡು! ಬೆನ್ನು ಹತ್ತಿ ನೋಡಿದರೆ ‘ಎಕ್ಸ್‌ಝೆಡ್’ ಎಂಬ ಸಣ್ಣ ಮುಕ್ತ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಸಹಾಯಕನಂತೆ ದುಡಿದು, ನಂಬಿಕೆ ಗಳಿಸಿ ಇಟ್ಟದ್ದು ಅದು. ದಣಿದಿದ್ದ ಒಬ್ಬನೇ ನಿರ್ವಾಹಕನ ಮೇಲೆ ಇಡೀ ಜಗತ್ತಿನ ಸರ್ವರುಗಳು ನಿಂತಿದ್ದವು ಎಂಬುದು ಈ ಕಥೆಯ ಮುಜುಗರದ ಭಾಗ. ಕೋಡ್ ತೆರೆದಿದ್ದರಿಂದಲೇ ಫ್ರಾಯ್ಂಡ್ ಮೂಲದ ತನಕ ಹೋಗಲು ಸಾಧ್ಯವಾಯಿತು ಎಂಬುದು ಇನ್ನೊಂದು ಭಾಗ. ಆದ್ದರಿಂದ ಆಯ್ಕೆ ಮಾಡುವಾಗ ‘ಮುಕ್ತ’ ಎಂಬ ಹಣೆಪಟ್ಟಿಯ ಜೊತೆಗೆ, ಕೊನೆಯ ಅಪ್‌ಡೇಟ್ ಯಾವಾಗ ಬಂತು, ಹಿಂದೆ ಎಷ್ಟು ಜನ ಇದ್ದಾರೆ ಎಂಬುದನ್ನೂ ನೋಡುವುದು ವಾಸಿ.

ಕೀಲಿಮಣೆಗೆ ಬಂದರೆ ಕನ್ನಡಕ್ಕೆ ಒಳ್ಳೆಯ ಎರಡು ದಾರಿಗಳಿವೆ. ಒಂದು ‘ಇಂಡಿಕ್ ಕೀಬೋರ್ಡ್’, ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಸುತ್ತ ಬೆಳೆದದ್ದು. ಭಾರತದ ಹಲವು ಭಾಷೆಗಳನ್ನು, ಕನ್ನಡಕ್ಕೆ ಒಂದಕ್ಕಿಂತ ಹೆಚ್ಚು ವಿನ್ಯಾಸಗಳನ್ನು ಹೊಂದಿದೆ. ಇನ್ನೊಂದು ‘ಹೆಲಿಬೋರ್ಡ್’. ಅದು ಇಂಟರ್‌ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ಕೇಳದ ಮೇಲೆ ಹೊರಗೆ ಕಳಿಸುವ ಪ್ರಶ್ನೆಯೇ ಏಳದು. ಕಂಪನಿಯ ಭರವಸೆಗಿಂತ ಇಂಥ ಅಸಾಧ್ಯತೆ ದೊಡ್ಡ ಜಾಮೀನು. ಕಳೆದುಕೊಳ್ಳುವುದೂ ಇದೆ. ಬೆರಳು ಎತ್ತದೆ ಜಾರಿಸಿ ಬರೆಯುವ ಸೌಲಭ್ಯ ಹೆಲಿಬೋರ್ಡಿನಲ್ಲಿ ತಾನಾಗಿ ಬರುವುದಿಲ್ಲ, ಕನ್ನಡದ ಊಹೆ ಜಿಬೋರ್ಡಿನಷ್ಟು ಚುರುಕಾಗಿಲ್ಲ. ಮಾತಾಡಿ ಬರೆಸುವ ಅಭ್ಯಾಸವಿರುವ ಹಿರಿಯರಿಗೆ ಇದು ಕೂಡಲೇ ಹಿಡಿಸಲಿಕ್ಕಿಲ್ಲ. ಅಂಥವರು ಬ್ಯಾಂಕಿನ ಕೆಲಸಕ್ಕೆ ಒಂದು, ಹರಟೆಗೆ ಒಂದು ಕೀಲಿಮಣೆ ಇಟ್ಟುಕೊಂಡರೂ ನಡೆಯುತ್ತದೆ.

ಇವನ್ನು ಎಲ್ಲಿಂದ ತರುವುದು? 2010ರಲ್ಲಿ ಶುರುವಾದ ‘ಎಫ್-ಡ್ರಾಯ್ಡ್’ ಎಂಬ ಆ್ಯಪ್ ಭಂಡಾರ ಮುಕ್ತ ತಂತ್ರಾಂಶಕ್ಕೇ ಮೀಸಲು. ಅದು ಸೋರ್ಸ್ ಕೋಡ್ ತೆಗೆದುಕೊಂಡು ಸಾಮಾನ್ಯವಾಗಿ ತಾನೇ ಆ್ಯಪ್ ಕಟ್ಟುತ್ತದೆ. ಜಾಹೀರಾತು ಇದ್ದರೆ, ಬಳಕೆದಾರರ ಜಾಡು ಹಿಡಿಯುವ ತುಣುಕು ಇದ್ದರೆ ಆ ಆ್ಯಪಿನ ಪುಟದಲ್ಲೇ ಅದನ್ನು ಬರೆದು ಅಂಟಿಸುತ್ತದೆ. ವಾಟ್ಸ್ಆ್ಯಪಿನಲ್ಲಿ ‘ಮದುವೆ ಕರೆಯೋಲೆ’, ‘ಟ್ರಾಫಿಕ್ ದಂಡ’ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲು ಇದಕ್ಕೆ ತೀರಾ ವಿರುದ್ಧದ ಜಾತಿ. ಅದನ್ನು ಒತ್ತಿ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇನ್ನು ಬ್ರೌಸರ್. ಹತ್ತು ವರ್ಷದ ಹಿಂದೆ ಅಗ್ಗದ ಫೋನುಗಳಲ್ಲಿ ಬಹುಮಂದಿ ಬಳಸುತ್ತಿದ್ದದ್ದು ಅಲಿಬಾಬಾದ ಯುಸಿ ಬ್ರೌಸರ್. ನಿಧಾನ ನೆಟ್‌ವರ್ಕಿನಲ್ಲೂ ಪುಟ ತೆರೆಯುತ್ತಿತ್ತು, ವೀಡಿಯೊ ಇಳಿಸಿಕೊಡುತ್ತಿತ್ತು. ಹಳ್ಳಿಯ ಹುಡುಗರಿಗೆ ಇನ್ನೇನು ಬೇಕು. 2015ರ ಮೇ ತಿಂಗಳಲ್ಲಿ ಇದೇ ಸಿಟಿಜನ್ ಲ್ಯಾಬ್ ಅದರ ಒಳಗನ್ನು ಬಿಚ್ಚಿ ನೋಡಿತು. ಚೀನೀ ಆವೃತ್ತಿ ಫೋನಿನ ಗುರುತಿನ ಸಂಖ್ಯೆಯನ್ನು, ಇರುವ ಜಾಗವನ್ನು ಸರಿಯಾದ ಗೂಢಲಿಪಿಯಿಲ್ಲದೆ ಕಳಿಸುತ್ತಿತ್ತು; ಇಂಗ್ಲಿಷ್ ಆವೃತ್ತಿಯಲ್ಲಿ ಹುಡುಕಿದ ಪದಗಳು ಬಯಲಾಗಿ ಹೋಗುತ್ತಿದ್ದವು. 2020ರ ಜೂನ್ 29ರಂದು ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಯುಸಿಯೂ ಒಂದು. ಗಮನಿಸಿ, ಅದು ಹೋದದ್ದು ಚೀನಾ ಗಡಿಯ ಗಲಾಟೆಯ ಬಿಸಿಯಲ್ಲಿ. ವರದಿ ಬಂದು ಐದು ವರ್ಷ ಅದೇ ಬ್ರೌಸರಿನಲ್ಲಿ ಜನ ಕ್ರಿಕೆಟ್ ಸ್ಕೋರು ನೋಡುತ್ತಲೇ ಇದ್ದರು.

ಕ್ರೋಮ್ ಅಂಥ ಕಚ್ಚಾ ಕೆಲಸ ಮಾಡುವುದಿಲ್ಲ. ಭದ್ರತೆಯ ಲೆಕ್ಕದಲ್ಲಿ ಅದು ಗಟ್ಟಿ. ಅದರ ಬುನಾದಿಯಾದ ‘ಕ್ರೋಮಿಯಂ’ 2008ರಿಂದಲೂ ಮುಕ್ತವೇ. ಹಾಗಿದ್ದರೂ ಅದನ್ನು ಕೊಡುವವರು ಜಾಹೀರಾತಿನಿಂದ ಬದುಕುವ ಕಂಪನಿ ಎಂಬುದನ್ನು ಮರೆಯುವಂತಿಲ್ಲ. ಜಾಹೀರಾತು ತಡೆಯುವುದರಲ್ಲಿ ಹೆಸರು ಮಾಡಿದ ‘ಯುಬ್ಲಾಕ್ ಆರಿಜಿನ್’ ಎಂಬ ಎಕ್ಸ್‌ಟೆನ್ಷನ್, ಗೂಗಲ್ ನಿಯಮ ಬದಲಿಸಿದ ಮೇಲೆ ಕ್ರೋಮಿನಲ್ಲಿ ನಡೆಯದಾಯಿತು. ಅದರ ತಮ್ಮನಂಥ ಒಂದು ಸಣ್ಣ ರೂಪ ಮಾತ್ರ ಉಳಿದಿದೆ. ‘ಇನ್‌ಕಾಗ್ನಿಟೊ’ ಕಿಟಕಿಯ ಮೇಲೆ ಜನ ಇಟ್ಟ ನಂಬಿಕೆಯ ಕಥೆ ಇನ್ನೂ ಸ್ವಾರಸ್ಯದ್ದು. ಆ ಕಿಟಕಿಯಲ್ಲೂ ತಮ್ಮ ಜಾಡು ಹಿಡಿಯಲಾಗುತ್ತಿದೆ ಎಂದು 2020ರಲ್ಲಿ ಅಮೆರಿಕದ ಬಳಕೆದಾರರು ಗೂಗಲ್ ಮೇಲೆ ದಾವೆ ಹೂಡಿದರು. 2024ರಲ್ಲಿ ರಾಜಿಯಾಯಿತು: ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು. ಆ ಕಿಟಕಿ ಮರೆಮಾಚುವುದು ಮನೆಯ ಇತರರಿಂದ, ಜಾಲತಾಣಗಳಿಂದ ಅಲ್ಲ.

ಫೈರ್‌ಫಾಕ್ಸ್ 2004ರ ನವೆಂಬರಿನಲ್ಲಿ ಹೊರಬಂದದ್ದು. ಮೆನು, ಸೆಟ್ಟಿಂಗು ಎಲ್ಲ ಕನ್ನಡದಲ್ಲೇ ಸಿಗುತ್ತದೆ. ಅದನ್ನು ಅನುವಾದಿಸಿದವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಒಂದು ತಾಣದ ಕುಕಿ ಇನ್ನೊಂದು ತಾಣದ ಕಣ್ಣಿಗೆ ಬೀಳದಂತೆ ಬೇರೆಬೇರೆಯಾಗಿಡುವ ವ್ಯವಸ್ಥೆ 2022ರಿಂದ ಅದರಲ್ಲಿ ತಾನಾಗಿಯೇ ಇದೆ, ಯುಬ್ಲಾಕ್ ಆರಿಜಿನ್ ಫೋನಿನಲ್ಲೂ ಪೂರ್ತಿಯಾಗಿ ನಡೆಯುತ್ತದೆ. ಈ ಎರಡು ಕಾರಣಕ್ಕೇ ದಿನಬಳಕೆಗೆ ಅದನ್ನು ಮೊದಲು ಹೇಳಬೇಕಾಗುತ್ತದೆ. ಆದರೆ ಅದೂ ಪವಿತ್ರ ಪಾತ್ರೆಯೇನಲ್ಲ. 2025ರ ಫೆಬ್ರವರಿಯಲ್ಲಿ ಮೊಝಿಲ್ಲಾ ತನ್ನ ನಿಯಮಗಳನ್ನು ತಿದ್ದುವಾಗ, ನಿಮ್ಮ ಮಾಹಿತಿಯನ್ನು ಎಂದೂ ಮಾರುವುದಿಲ್ಲ ಎಂಬ ಹಳೆಯ ಮಾತನ್ನು ಸದ್ದಿಲ್ಲದೆ ತೆಗೆಯಿತು. ಬಳಕೆದಾರರು ಕೂಗೆಬ್ಬಿಸಿದ ಮೇಲೆ ವಿವರಣೆ ಕೊಟ್ಟು, ನಿಯಮದ ಭಾಷೆ ಬದಲಿಸಿತು. ಅದರ ಆದಾಯದ ಬಹುಪಾಲು ಬರುವುದು ಗೂಗಲ್ ಹುಡುಕಾಟವನ್ನು ಮುಂದಿಟ್ಟುಕೊಳ್ಳಲು ಗೂಗಲ್ ಕೊಡುವ ಹಣದಿಂದ ಎಂಬುದೂ ಗುಟ್ಟಲ್ಲ.

ಬ್ರೇವ್ ಕೂಡ ಮುಕ್ತ. ಏನೂ ಸೇರಿಸದೆ ಜಾಹೀರಾತು ತಡೆಯುತ್ತದೆ, ಕ್ರೋಮ್ ಅಭ್ಯಾಸವಾದವರಿಗೆ ಕೈಗೆ ಬೇಗ ಕೂರುತ್ತದೆ. 2020ರಲ್ಲಿ ಅದು ಕೆಲವು ಕ್ರಿಪ್ಟೊ ತಾಣಗಳ ವಿಳಾಸಕ್ಕೆ ತನ್ನ ಕಮಿಷನ್ ಗುರುತನ್ನು ತಾನೇ ಅಂಟಿಸುತ್ತಿದ್ದದ್ದು ಸಿಕ್ಕಿಬಿತ್ತು, ಕ್ಷಮೆ ಕೇಳಿತು. ಬಳಸುವವರ ಗುರುತು ಮರೆಸುವ ಟಾರ್ ಬ್ರೌಸರ್ ನಿಧಾನ. ಪತ್ರಕರ್ತರಿಗೆ, ಜೀವಭಯ ಇರುವವರಿಗೆ ಬೇಕಾದದ್ದು, ಕರೆಂಟ್ ಬಿಲ್ಲು ಕಟ್ಟಲು ಅಲ್ಲ. ಚೆನ್ನೈಯ ಜೊಹೊ ಕಂಪನಿಯ ‘ಉಲಾ’ 2023ರಲ್ಲಿ ಬಂತು, 2025ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರದ ಬ್ರೌಸರ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದಿತು. ಖಾಸಗಿತನವನ್ನೇ ಮುಂದಿಟ್ಟು ಮಾತಾಡುತ್ತದೆ. ಸ್ವದೇಶಿ ಎಂಬುದು ಒಂದು ಗುಣ, ತೆರೆದ ಕೋಡ್ ಎಂಬುದು ಇನ್ನೊಂದು. ಮೊದಲನೆಯದು ಇದ್ದರೆ ಎರಡನೆಯದೂ ಇದೆ ಎಂದು ಹಲವರು ತಿಳಿದುಕೊಳ್ಳುತ್ತಾರೆ.

ಹೇಳಲೇಬೇಕಾದ ಒಂದು ಕಿರಿಕಿರಿ ಇದೆ. ಜಾಡು ತಡೆಯುವ ಬ್ರೌಸರಿನಲ್ಲಿ ಕೆಲವು ಸರಕಾರಿ ಪುಟಗಳು, ಬ್ಯಾಂಕಿನ ಪುಟಗಳು ಮುಷ್ಕರ ಹೂಡುತ್ತವೆ: ಅರ್ಜಿಯ ಕೊನೆಯ ಗುಂಡಿ ಒತ್ತಿದರೆ ಏನೂ ಆಗದು, ಒಟಿಪಿ ಕಿಟಕಿ ತೆರೆಯದು. ಸ್ಕಾಲರ್‌ಶಿಪ್ಪಿನ ಕೊನೆಯ ದಿನ ಯಾರೂ ತತ್ತ್ವ ಹಿಡಿದು ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಓದಲು, ಹುಡುಕಲು, ಅಲೆಯಲು ಒಂದು ಬ್ರೌಸರ್. ಹಟಮಾರಿ ಪುಟಗಳಿಗೆಂದು ಇನ್ನೊಂದು. ಎರಡನೆಯದರಲ್ಲಿ ಬೇರೇನೂ ತೆರೆಯದಿದ್ದರೆ ಅದಕ್ಕೆ ಸಿಗುವ ಜಾಡೂ ಅಷ್ಟಕ್ಕಷ್ಟೇ.

ಅರ್ಜಿ ಹಾಕುವುದು ಸ್ವಂತ ಯಂತ್ರದಲ್ಲಿ ಅಲ್ಲ, ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಎನ್ನುವವರೇ ಹಳ್ಳಿಕಡೆ ಹೆಚ್ಚು. ಬೀಡಿ ಕಟ್ಟುವ ಅಕ್ಕನ ಪಿಎಫ್ ಕ್ಲೇಮು, ಆರ್‌ಟಿಸಿ, ಮಗಳ ಆದಾಯ ಪ್ರಮಾಣಪತ್ರ, ಎಲ್ಲಕ್ಕೂ ಒಂದೇ ಕಂಪ್ಯೂಟರು. ಆಧಾರ್ ಕೊಡುವ ಯುಐಡಿಎಐಯ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಒಂದು ಪ್ರಕಟಣೆ ಹೊರಡಿಸಿತ್ತು: ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಸಾರ್ವಜನಿಕ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಪ್ರತಿಗಳನ್ನೆಲ್ಲ ಅಳಿಸಿ. ತಪ್ಪು ಅರ್ಥಕ್ಕೆ ಎಡೆಯಾಗುತ್ತದೆ ಎಂದು ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂತೆಗೆದುಕೊಂಡಿತು. ಪ್ರಕಟಣೆ ಹೋಯಿತು, ಸಲಹೆ ಮಾತ್ರ ಹಳತಾಗಿಲ್ಲ. ಅಂಗಡಿಯವರಿಗೆ ‘ಅಣ್ಣಾ, ಗೆಸ್ಟ್ ವಿಂಡೋದಲ್ಲಿ ತೆರೀರಿ, ಪಾಸ್‌ವರ್ಡ್ ಸೇವ್ ಮಾಡ್ಬೇಡಿ’ ಎಂದರೆ ಬೇಸರ ಮಾಡಿಕೊಳ್ಳಲಾರರು. ಗೆಸ್ಟ್ ಕಿಟಕಿ ಮುಚ್ಚಿದರೂ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಫೈಲು ಕೂತೇ ಇರುತ್ತದೆ, ಅದನ್ನು ಅಳಿಸಿ ರೀಸೈಕಲ್ ಬಿನ್ ಖಾಲಿ ಮಾಡಿಸಬೇಕು. ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸುವ ಆಧಾರ್ ಪ್ರತಿಯೂ ಸಿಗುತ್ತದೆ. ಪೂರ್ತಿ ಸಂಖ್ಯೆ ಬೇಡದ ಕಡೆ ಅದೇ ಸಾಕು.

ಕಾನೂನಿನ ಕಡೆಯಿಂದ ಒಂದು ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ಮೊಕದ್ದಮೆಗೆ ಇರುವ ಹೆಸರು ಕನ್ನಡಿಗರದು: ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂದದ್ದು 2023ರಲ್ಲಿ, ಅದರ ನಿಯಮಗಳು 2025ರ ನವೆಂಬರಿನಲ್ಲಿ, ಅವೂ ಹಂತಹಂತವಾಗಿ ಜಾರಿ.

ಮುಕ್ತ ತಂತ್ರಾಂಶ ಎಂಜಿನಿಯರಿಂಗ್ ಮಕ್ಕಳಿಗೆ ಸರಿ, ಸಾಮಾನ್ಯರಿಗೆ ಕಬ್ಬಿಣದ ಕಡಲೆ ಎಂಬ ಮಾತಿಗೆ ಉತ್ತರ ತಲಪಾಡಿ ಗಡಿಯ ಆಚೆಗಿದೆ. ಕೇರಳದ ‘ಐಟಿ@ಸ್ಕೂಲ್’ ಯೋಜನೆ 2001ರಲ್ಲಿ ಶುರುವಾದಾಗ ಅಲ್ಲಿಯೂ ಪಾಠ ಇದ್ದದ್ದು ಮೈಕ್ರೋಸಾಫ್ಟಿನ ತಂತ್ರಾಂಶದ್ದೇ. ಸರಕಾರಿ ಪಠ್ಯ ಒಂದು ಕಂಪನಿಯ ಸರಕನ್ನು ಕಲಿಸುವುದೇಕೆ ಎಂದು ಶಿಕ್ಷಕರ ಸಂಘಟನೆ ತಕರಾರು ಎತ್ತಿತು. ನಿಧಾನವಾಗಿ ಲಿನಕ್ಸ್ ಒಳಬಂತು, ಎಸ್ಸೆಸ್ಸೆಲ್ಸಿ ಐಟಿ ಪರೀಕ್ಷೆ ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ತಿರುಗಿತು. 2017ರಲ್ಲಿ ಯೋಜನೆ ‘ಕೈಟ್’ ಎಂಬ ಸರಕಾರಿ ಕಂಪನಿಯಾಯಿತು, ಶಾಲೆಗಳಿಗೆಂದೇ ತಿದ್ದಿದ ಲಿನಕ್ಸನ್ನು ಹೊರತರುತ್ತಿದೆ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದರೊಳಗೇ ಇವೆ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಅಲ್ಲಿ ಎಂಟನೇ ತರಗತಿಯ ಹುಡುಗಿ ಜಿಂಪ್‌ನಲ್ಲಿ ಚಿತ್ರ ತಿದ್ದುವುದು, ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆಯುವುದು ದೊಡ್ಡ ಸುದ್ದಿಯಲ್ಲ, ಪಾಠದ ಪೀರಿಯಡ್ಡಷ್ಟೇ. ಕರ್ನಾಟಕದಲ್ಲಿ ಇಂಥ ಯತ್ನಗಳು ಇಲ್ಲವೆಂದಲ್ಲ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸರಕಾರಿ ಶಾಲೆಯ ಶಿಕ್ಷಕರ ಜೊತೆ ಇದೇ ದಾರಿಯಲ್ಲಿ ದುಡಿದಿದೆ, 2009ರಿಂದ ‘ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ’ ಕಾಲೇಜುಗಳಲ್ಲಿ ಶಿಬಿರ ನಡೆಸಿದೆ. ಆದರೆ ಇಲ್ಲಿ ಅದು ಆಸಕ್ತರ ಕೆಲಸ, ಅಲ್ಲಿ ಪಠ್ಯಕ್ರಮ.

ತೋಡಾರಿನಂಥ ಊರಿಗೆ ಇನ್ನೊಂದು ಲೆಕ್ಕವೂ ಇದೆ. ಇಲ್ಲಿ ಮನೆಮಾತು ತುಳು, ಬ್ಯಾರಿ, ಕೊಂಕಣಿ. ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ. ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ತೆರೆದುಕೊಂಡದ್ದು ಸ್ವಯಂಸೇವಕರ ದುಡಿಮೆಯಿಂದ. 2024ರಲ್ಲಿ ಗೂಗಲ್ ಅನುವಾದಕ್ಕೂ ತುಳು ಸೇರಿತು, ಬ್ಯಾರಿಯ ಸರದಿ ಬಂದಿಲ್ಲ. ಕಂಪನಿ ಪದಕೋಶ ಮಾಡಿಕೊಡದ ಭಾಷೆಗೆ ಕೀಲಿಮಣೆಯೇ ಪದ ಕಲಿಯಬೇಕು. ‘ದಾನೆ’, ‘ಬಲೆ’, ‘ಎಂಚಿನ’ ಎಂದು ನಾಲ್ಕು ಸಲ ಬರೆದರೆ ಹೆಲಿಬೋರ್ಡ್ ಐದನೇ ಸಲ ತಾನೇ ಮುಂದೆ ಹಿಡಿಯಬಹುದು. ಕಲಿತದ್ದು ಫೋನಿನಲ್ಲೇ ಉಳಿಯುತ್ತದೆ. ಅದರ ಸೆಟ್ಟಿಂಗಿನಲ್ಲಿ ಬ್ಯಾಕಪ್ ಎಂಬ ಆಯ್ಕೆಯಿದೆ. ಹೊಸ ಫೋನು ಕೊಂಡ ದಿನ ಆ ಫೈಲನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿದರೆ, ವರ್ಷಗಟ್ಟಲೆ ಕಲಿಸಿದ ಮನೆಮಾತಿನ ಪದಗಳೆಲ್ಲ ಒಟ್ಟಿಗೇ ಬರುತ್ತವೆ, ಯಾವ ಖಾತೆಗೂ ಲಾಗಿನ್ ಆಗದೆ.